ಮುಂದಿನ ಭಾಗ ಬರಬೇಕಾದ ಮೂರು ಹಳೆಯ ಗೇಮ್‌ಗಳು: ನನ್ನ ಮತ ಸ್ಲೀಪಿಂಗ್ ಡಾಗ್ಸ್‌ಗೆ

ಮುಂದಿನ ಭಾಗ ಯಾವಾಗ ಬರುತ್ತದೆ ಎಂದು ಅಭಿಮಾನಿಗಳು ವರ್ಷಗಟ್ಟಲೆ ಕೇಳುತ್ತಲೇ ಇರುವ ವಿಡಿಯೊ ಗೇಮ್‌ಗಳು ಹತ್ತಾರಿವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ಆ ಭಾಗ್ಯ ಒದಗುವುದಾದರೆ ಅದು ಹಾಂಗ್ ಕಾಂಗ್‌ನ ಪಾತಕ ಲೋಕದೊಳಗೆ ನುಸುಳುವ ಪೊಲೀಸನ ಗೇಮ್ ಆದ ಸ್ಲೀಪಿಂಗ್ ಡಾಗ್ಸ್‌ಗೇ ಒದಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಕೇವಲ ಹಳೆಯ ನೆನಪಿನ ಬಲದಿಂದ ಹೇಳುವ ಮಾತಲ್ಲ. ಇತ್ತೀಚಿನ ರಿಯಾಯಿತಿ ಮಾರಾಟದಲ್ಲಿ ಸ್ಲೀಪಿಂಗ್ ಡಾಗ್ಸ್, ವಸತಿ ಶಾಲೆಯ ಕಥೆಯ ಬುಲ್ಲಿ ಮತ್ತು ಸೇನಾ ನೆಲೆಗಳಿಗೆ ನುಸುಳುವ ಪ್ರಾಜೆಕ್ಟ್ ಐಜಿಐ ಮೂರನ್ನೂ ಒಟ್ಟಿಗೆ ಪಡೆದುಕೊಂಡು, ಒಂದಾದ ಮೇಲೊಂದರಂತೆ ಆಡಿ, ಇಂದಿಗೂ ನಮ್ಮನ್ನು ಹಿಡಿದು ಕೂರಿಸುವ ಗುಣ ಯಾವುದರಲ್ಲಿದೆ, ಮುಂದಿನ ಭಾಗಕ್ಕೆ ಬೇಕಾದ ಸರಕು ಯಾವುದರಲ್ಲಿ ಇನ್ನೂ ಉಳಿದಿದೆ ಎಂದು ನೋಡಿದ ಮೇಲೆ ಬರೆಯುತ್ತಿದ್ದೇನೆ.

ನನ್ನ ಪರಿಸ್ಥಿತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ತೀರ್ಪಿನ ಮೇಲೆ ಅದರ ಪ್ರಭಾವವಿದೆ. ನಾನು ಆಡುವುದು ರಾತ್ರಿ ಊಟ ಮುಗಿದು ಮನೆಯವರೆಲ್ಲ ಮಲಗಿದ ಮೇಲೆ ಸಿಗುವ ಒಂದು ಗಂಟೆಯಷ್ಟೇ. ಕಂಪ್ಯೂಟರ್ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವ ಹಳೆಯ ಡೆಸ್ಕ್‌ಟಾಪ್. ಅದಕ್ಕೆ ಕೊಟ್ಟಿರುವ ಯುಪಿಎಸ್ ಕರೆಂಟ್ ಹೋದಾಗ ಐದು ನಿಮಿಷವೂ ತಡೆಯುವುದಿಲ್ಲ. ಹೊಸ ದೊಡ್ಡ ಗೇಮ್‌ಗಳಿಗೆ ಮೂರು ನಾಲ್ಕು ಸಾವಿರ ರೂಪಾಯಿ ಕೊಡುವ ಅಭ್ಯಾಸ ನನಗಿಲ್ಲ. ಬೆಲೆ ಇಳಿಯುವವರೆಗೆ ಕಾದು ಕೊಳ್ಳುತ್ತೇನೆ. 2003ರಲ್ಲಿ ಬಂದ ಬಾಹ್ಯಾಕಾಶದ ಗೇಮ್ ಫ್ರೀಲ್ಯಾನ್ಸರ್ ಕೂಡ ಈ ಹೋಲಿಕೆಯಲ್ಲಿ ಇರಬೇಕಿತ್ತು. ಆದರೆ ಅದು ಯಾವ ಡಿಜಿಟಲ್ ಮಳಿಗೆಯಲ್ಲಿಯೂ ಮಾರಾಟಕ್ಕಿಲ್ಲದ ಕಾರಣ ಕೈಬಿಡಬೇಕಾಯಿತು.

ಐಜಿಐ ಎಂದರೆ ನನ್ನ ವಯಸ್ಸಿನವರಿಗೆ ಸೈಬರ್ ಕೆಫೆಯ ದಿನಗಳು. 2000ದ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಈ ಗೇಮ್ ಅನ್ನು ನಮ್ಮ ಊರುಗಳ ಸೈಬರ್ ಕೆಫೆಗಳಲ್ಲಿ, ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ, ಇಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಆಡದವರು ಅಪರೂಪ. ಮಾಡಿದ್ದು ನಾರ್ವೆಯ ಓಸ್ಲೋ ನಗರದ ಇನ್ನರ್‌ಲೂಪ್ ಸ್ಟುಡಿಯೋಸ್. ಇದಕ್ಕೂ ಮೊದಲು ಅವರು ಜಾಯಿಂಟ್ ಸ್ಟ್ರೈಕ್ ಫೈಟರ್ ಎಂಬ ಯುದ್ಧವಿಮಾನದ ಗೇಮ್ ಮಾಡಿದ್ದರು. ಅದರ ಎಂಜಿನ್ನನ್ನೇ, ಅಂದರೆ ಗೇಮ್ ನಡೆಸುವ ಮೂಲ ತಂತ್ರಾಂಶವನ್ನೇ, ಐಜಿಐಗೂ ಬಳಸಿಕೊಂಡರು. ಆಗಿನ ಬಹುತೇಕ ಗನ್ ಗೇಮ್‌ಗಳು ಇಕ್ಕಟ್ಟಾದ ಓಣಿ, ಕೋಣೆಗಳಲ್ಲೇ ನಡೆಯುತ್ತಿದ್ದಾಗ ಐಜಿಐಯಲ್ಲಿ ಮಾತ್ರ ಗುಡ್ಡದ ತುದಿಯಲ್ಲಿ ನಿಂತರೆ ಕೆಳಗಿನ ಇಡೀ ಸೇನಾ ನೆಲೆ ಒಂದೇ ನೋಟಕ್ಕೆ ಕಾಣುತ್ತಿದ್ದುದಕ್ಕೆ ಕಾರಣ ಇದೇ: ವಿಮಾನದಿಂದ ನೋಡಲೆಂದು ಕಟ್ಟಿದ ಭೂಮಿಯ ಮೇಲೆ ಕಾಲ್ನಡಿಗೆಯ ಸೈನಿಕನನ್ನು ಇಳಿಸಿದ್ದರು.

ಆ ವಿಸ್ತಾರ ಇಂದಿಗೂ ಖುಷಿ ಕೊಡುತ್ತದೆ. ಬೈನಾಕ್ಯುಲರ್ ಹಿಡಿದು ಕಾವಲುಗಾರರು ಎಲ್ಲೆಲ್ಲಿದ್ದಾರೆ ಎಂದು ಎಣಿಸಿಕೊಂಡು, ಉಪಗ್ರಹದ ನಕ್ಷೆಯಲ್ಲಿ ಅವರ ಓಡಾಟವನ್ನು ಗಮನಿಸಿ, ಯಾವ ಬೇಲಿಯ ಕಡೆಯಿಂದ ಇಳಿಯಬೇಕು, ಯಾವ ಕ್ಯಾಮೆರಾವನ್ನು ಮೊದಲು ನಿಲ್ಲಿಸಬೇಕು ಎಂದು ಲೆಕ್ಕ ಹಾಕುವ ಆ ಮೊದಲ ಕೆಲವು ನಿಮಿಷಗಳು ಐಜಿಐಯ ನಿಜವಾದ ಸೊಗಸು.

ತೊಂದರೆ ಇರುವುದು ಆ ಲೆಕ್ಕಾಚಾರ ಮುಗಿದ ಮೇಲೆ. ಐಜಿಐಯಲ್ಲಿ ಮಿಷನ್ ನಡುವೆ ಸೇವ್ ಮಾಡುವ ಅವಕಾಶವೇ ಇಲ್ಲ. ಚೆಕ್‌ಪಾಯಿಂಟ್ ಕೂಡ ಇಲ್ಲ. ಹದಿನಾಲ್ಕು ಮಿಷನ್‌ಗಳಲ್ಲಿ ಯಾವುದನ್ನು ಆಡಿದರೂ ಆರಂಭದಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಮುಗಿಸಬೇಕು. ಕೊನೆಯ ಬಾಗಿಲ ಬಳಿ ಸತ್ತರೂ ಮತ್ತೆ ಗುಡ್ಡದ ತುದಿಯಿಂದಲೇ ಶುರು. ಹುಡುಗರಾಗಿದ್ದಾಗ ಇದನ್ನು ಆಟದ ಗತ್ತು ಎಂದುಕೊಂಡು ಒಪ್ಪಿಕೊಂಡಿದ್ದೆವು. ಈಗ ಆಡುವಾಗ ಮಾತ್ರ ಇದು ಇಡೀ ಗೇಮ್‌ನ ಸ್ವಭಾವವನ್ನೇ ಕೆಡಿಸುತ್ತದೆ ಎಂದು ಸ್ಪಷ್ಟವಾಗಿ ಕಾಣಿಸಿತು.

ಹೇಗೆಂದರೆ, ಮುಂದಿನ ಮಿಷನ್‌ಗಳಲ್ಲಿ ಒಂದೊಂದು ನೆಲೆಯೂ ಬಹಳ ದೊಡ್ಡದು. ಅರ್ಧ ಗಂಟೆ ತೆವಳಿ, ಸದ್ದಾಗದ ಗನ್‌ನಿಂದ ಒಬ್ಬೊಬ್ಬರನ್ನೇ ಕೆಡವಿ, ಕಂಪ್ಯೂಟರ್‌ನಲ್ಲಿ ಕ್ಯಾಮೆರಾಗಳನ್ನು ನಿಲ್ಲಿಸಿ ಮುಂದೆ ಹೋಗುವಾಗ ಯಾರೋ ಒಬ್ಬ ಅಲಾರಂ ಒತ್ತುತ್ತಾನೆ. ಆ ಕ್ಷಣದಿಂದ ಬ್ಯಾರಕ್‌ಗಳಿಂದ ಸೈನಿಕರು ಬರುತ್ತಲೇ ಇರುತ್ತಾರೆ. ಎಷ್ಟು ಮಂದಿಯನ್ನು ಹೊಡೆದರೂ ಮುಗಿಯುವುದಿಲ್ಲ. ಸೇವ್ ಇದ್ದಿದ್ದರೆ ಆಟಗಾರ ಹೊಸ ದಾರಿಯನ್ನು ಹುಡುಕುತ್ತಿದ್ದ, ಸಾಹಸಕ್ಕೆ ಇಳಿಯುತ್ತಿದ್ದ. ಸೇವ್ ಇಲ್ಲದಿರುವುದರಿಂದ ಅವನು ಪ್ರಯೋಗ ಮಾಡುವುದನ್ನೇ ಬಿಟ್ಟು, ಹಿಂದಿನ ಸಲ ಕೆಲಸ ಮಾಡಿದ ದಾರಿಯನ್ನು ಬಾಯಿಪಾಠ ಮಾಡಿಕೊಂಡು ಒಪ್ಪಿಸುತ್ತಾನೆ. ಮೂರನೇ ಕಾವಲುಗಾರ ತಿರುಗುವವರೆಗೆ ಶೆಡ್ಡಿನ ಹಿಂದೆ ನಿಲ್ಲು, ಏಣಿ ಹತ್ತು, ಗೋಪುರದಲ್ಲಿರುವವನನ್ನು ಹೊಡಿ, ಇಳಿ, ಓಡು. ವಿಶಾಲವಾದ ಮೈದಾನ ಕೊಟ್ಟೂ ಒಂದೇ ಕಾಲುದಾರಿಯಲ್ಲಿ ನಡೆಸಿದಂತಾಗುತ್ತದೆ.

ಇದರ ಜೊತೆಗೆ ಕರೆಂಟ್ ಸಮಸ್ಯೆ. ಮಳೆಗಾಲದ ರಾತ್ರಿಗಳಲ್ಲಿ ನಮ್ಮ ಬೀದಿಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ಯುಪಿಎಸ್ ಕೂಗತೊಡಗಿದಾಗ ಉಳಿದ ಎರಡು ಗೇಮ್‌ಗಳಲ್ಲಿ ಹೋಗುವುದು ಹೆಚ್ಚೆಂದರೆ ಕೆಲವು ನಿಮಿಷಗಳ ಆಟ. ಐಜಿಐಯಲ್ಲಿ ಹೋಗುವುದು ಆ ರಾತ್ರಿಯ ಇಡೀ ಆಟ. 2003ರ ಎರಡನೇ ಭಾಗವಾದ ಕೋವರ್ಟ್ ಸ್ಟ್ರೈಕ್‌ನಲ್ಲಿ ಮಿಷನ್ ನಡುವೆ ಸೀಮಿತ ಸಂಖ್ಯೆಯ ಸೇವ್‌ಗಳನ್ನು ಕೊಟ್ಟರು. ಆ ಒಂದೇ ಬದಲಾವಣೆ ಆಟಕ್ಕೆ ಎಷ್ಟು ಜೀವ ತಂದಿತು ಎಂಬುದು ಎರಡನ್ನೂ ಆಡಿದವರಿಗೆ ಗೊತ್ತು. ಹಾಗಾಗಿ ಮೂರನೇ ಭಾಗ ಬೇಕೆನ್ನುವವರ ಆಸೆ ನನಗೆ ಅರ್ಥವಾಗುತ್ತದೆ. 2019ರಲ್ಲಿ ಐಜಿಐ ಒರಿಜಿನ್ಸ್ ಎಂಬ ಹೆಸರಿನಲ್ಲಿ, ಶೀತಲ ಸಮರದ ಕಾಲಕ್ಕೆ ಹಿಂದಿರುಗುವ ಪೂರ್ವಕಥೆಯೊಂದು ಘೋಷಣೆಯಾದಾಗ ನಮ್ಮ ಹಳೆಯ ಗೆಳೆಯರ ಗುಂಪಿನಲ್ಲಿ ಹಬ್ಬದ ವಾತಾವರಣವಿತ್ತು. ಆಮೇಲೆ ಆ ಯೋಜನೆಯನ್ನೇ ಕೈಬಿಡಲಾಯಿತು.

ಆದರೂ ಒಂದು ಮಾತನ್ನು ಹೇಳಲೇಬೇಕು. ಐಜಿಐ ಅಂದು ಕೊಟ್ಟ ಅನುಭವವನ್ನು ಇಂದು ಬೇರೆ ಗೇಮ್‌ಗಳು ಅದಕ್ಕಿಂತ ಚೆನ್ನಾಗಿ ಕೊಡುತ್ತಿವೆ. ದೂರದಿಂದ ನೆಲೆಯನ್ನು ಗಮನಿಸಿ, ಗುರುತು ಹಾಕಿಕೊಂಡು, ಕತ್ತಲಲ್ಲಿ ನುಸುಳಿ ಬರುವ ಆಸೆ ಇರುವವರಿಗೆ 2015ರ ಮೆಟಲ್ ಗೇರ್ ಸಾಲಿಡ್ 5 ಸಾಕು.

ಬುಲ್ಲಿಯ ವಿಷಯ ಬೇರೆ. 2006ರಲ್ಲಿ ರಾಕ್‌ಸ್ಟಾರ್ ವ್ಯಾಂಕೂವರ್ ಮಾಡಿದ ಈ ಗೇಮ್‌ಗೆ ಸಾಟಿಯಾಗಿ ಇಂದಿಗೂ ಬೇರೊಂದನ್ನು ತೋರಿಸಲಾಗುವುದಿಲ್ಲ. ಬುಲ್‌ವರ್ತ್ ಅಕಾಡೆಮಿ ಎಂಬ ವಸತಿ ಶಾಲೆಗೆ ಜಿಮ್ಮಿ ಹಾಪ್ಕಿನ್ಸ್ ಎಂಬ ಹದಿನೈದರ ಹುಡುಗನನ್ನು ಅವನ ತಾಯಿ ಸೇರಿಸಿ ಹೋಗುತ್ತಾಳೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ಶಾಲೆಯೊಳಗಿನ ಗುಂಪುಗಳ ರಾಜಕೀಯ: ಪುಸ್ತಕದ ಹುಳುಗಳು, ಶ್ರೀಮಂತರ ಮಕ್ಕಳು, ಸೈಕಲ್ ರಿಪೇರಿಯ ಒರಟರು, ಆಟೋಟದ ಬಲಶಾಲಿಗಳು. ಬಂದೂಕಿಲ್ಲ, ರಕ್ತವಿಲ್ಲ. ಕವಣೆ, ಪಟಾಕಿ, ತುರಿಕೆ ಪುಡಿ ಇವೇ ಆಯುಧಗಳು.

ಬುಲ್ಲಿಯಲ್ಲಿ ನನಗೆ ಬಹಳ ಇಷ್ಟವಾಗುವುದು ತರಗತಿಗಳು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ತಪ್ಪಿಸಿಕೊಂಡು ಓಡಾಡಿದರೆ ಶಾಲೆಯ ಮೇಲ್ವಿಚಾರಕರು ಹಿಡಿಯುತ್ತಾರೆ. ಕೂತು ಪಾಠ ಮುಗಿಸಿದರೆ ಹೊರಗಿನ ಆಟದಲ್ಲಿ ಅದರ ಫಲ ಸಿಗುತ್ತದೆ. ರಸಾಯನಶಾಸ್ತ್ರ ಪಾಸಾದರೆ ಪಟಾಕಿಗಳನ್ನು ಸ್ವತಃ ತಯಾರಿಸಬಹುದು. ಇಂಗ್ಲಿಷ್ ಪಾಸಾದರೆ ತಪ್ಪು ಮಾಡಿ ಸಿಕ್ಕಿಬಿದ್ದಾಗ ಕ್ಷಮೆ ಕೇಳುವ ಮಾತು ಹೆಚ್ಚು ಪರಿಣಾಮಕಾರಿಯಾಗುತ್ತದೆ. ಇಂಗ್ಲಿಷ್ ತರಗತಿಯೆಂದರೆ ಕೊಟ್ಟ ಕೆಲವು ಅಕ್ಷರಗಳಿಂದ ನಿಗದಿತ ಸಮಯದೊಳಗೆ ಸಾಧ್ಯವಾದಷ್ಟು ಪದಗಳನ್ನು ಕಟ್ಟುವುದು. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಅದನ್ನು ಪಾಸು ಮಾಡಿದಾಗ ಪಟ್ಟ ಸಂತೋಷ ಈ ಮೂರೂ ಗೇಮ್‌ಗಳ ಯಾವ ಹೊಡೆದಾಟ ಗೆದ್ದಾಗಲೂ ಆಗಲಿಲ್ಲ. ಕಥೆ ಮುಂದುವರಿದಂತೆ ಊರಿನಲ್ಲಿ ಋತುಗಳೂ ಬದಲಾಗುತ್ತವೆ. ಶರತ್ಕಾಲದ ಎಲೆಗಳು ಹೋಗಿ ಶಾಲೆಯ ಅಂಗಳದ ತುಂಬ ಹಿಮ ಬಿದ್ದಿರುತ್ತದೆ. ಒಂದು ಶೈಕ್ಷಣಿಕ ವರ್ಷ ಕಳೆಯಿತು ಎಂಬ ಭಾವನೆ ನಿಜವಾಗಿಯೂ ಬರುತ್ತದೆ.

ಪಿಸಿಯಲ್ಲಿ ಸಿಗುವ ಸ್ಕಾಲರ್‌ಶಿಪ್ ಆವೃತ್ತಿ 2008ರದು. ಸೆಕೆಂಡಿಗೆ 30 ಫ್ರೇಮ್‌ಗಳಿಗೆ ಕಟ್ಟಿಹಾಕಲಾಗಿದೆ. ಹೊಸ ವಿಂಡೋಸ್‌ನಲ್ಲಿ ಸ್ಥಿರವಾಗಿ ನಡೆಯಲು ಅಭಿಮಾನಿಗಳ ವಲಯದಿಂದ ಬಂದ, ದೋಷಗಳನ್ನು ಸರಿಪಡಿಸುವ ಸೈಲೆಂಟ್‌ಪ್ಯಾಚ್ ಅನ್ನು ಹಾಕಿಕೊಂಡೇ ಆಡುವುದು ಒಳ್ಳೆಯದು.

ಹಾಗಾದರೆ ನನ್ನ ಮತ ಬುಲ್ಲಿಗೆ ಏಕಿಲ್ಲ? ಎರಡು ಕಾರಣಗಳಿವೆ. ಮೊದಲನೆಯದು, ಅದರ ಗಡಿಯಾರ. ಆಟದ ಒಂದು ನಿಮಿಷ ನಮ್ಮ ಒಂದು ಸೆಕೆಂಡಿನಲ್ಲಿ ಕಳೆಯುತ್ತದೆ. ತರಗತಿಯ ಗಂಟೆ, ರಾತ್ರಿಯ ನಿರ್ಬಂಧ, ರಾತ್ರಿ ಎರಡು ಗಂಟೆಯಾದರೆ ಜಿಮ್ಮಿ ಇದ್ದಲ್ಲೇ ಕುಸಿದು ಬೀಳುವುದು, ಇವೆಲ್ಲ ಸೇರಿ ದಿನವಿಡೀ ಕೆಲಸದಲ್ಲಿ ವೇಳಾಪಟ್ಟಿಯ ಹಿಂದೆ ಓಡಿ ಬಂದವನನ್ನು ರಾತ್ರಿಯೂ ಓಡಿಸುತ್ತವೆ. ವಿನ್ಯಾಸ ಜಾಣತನದ್ದೇ, ಆದರೆ ನನ್ನ ಆ ಒಂದು ಗಂಟೆಗೆ ಹೊಂದುವುದಿಲ್ಲ. ಎರಡನೆಯದು ಮತ್ತು ಮುಖ್ಯವಾದದ್ದು: ಬುಲ್ಲಿ ತನ್ನಷ್ಟಕ್ಕೆ ಪೂರ್ಣವಾದ ಕೃತಿ. ಶಾಲೆಯ ವರ್ಷ ಮುಗಿಯುತ್ತದೆ, ಜಿಮ್ಮಿಯ ಕಥೆಯೂ ಮುಗಿಯುತ್ತದೆ, ಹೇಳದೆ ಉಳಿದದ್ದು ಹೆಚ್ಚೇನೂ ಇಲ್ಲ. ರಾಕ್‌ಸ್ಟಾರ್ ನ್ಯೂ ಇಂಗ್ಲೆಂಡ್ ಸ್ಟುಡಿಯೋದಲ್ಲಿ ಎರಡನೇ ಭಾಗದ ಕೆಲಸ ಆರಂಭವಾಗಿ ನಿಂತುಹೋಯಿತು ಎಂಬ ವಿವರವಾದ ವರದಿ 2021ರಲ್ಲಿ ಬಂದಾಗ ನನಗೂ ಬೇಸರವಾಯಿತು. ಆದರೆ ಮೊದಲ ಭಾಗವನ್ನು ಮುಗಿಸಿ ಎದ್ದಾಗ ಏನೋ ಕಡಿಮೆಯಾಯಿತು ಎಂಬ ಕೊರಗು ಉಳಿಯುವುದಿಲ್ಲ.

ಸ್ಲೀಪಿಂಗ್ ಡಾಗ್ಸ್ ಮುಗಿಸಿದಾಗ ಆ ಕೊರಗು ಉಳಿಯುತ್ತದೆ. ಕೆಟ್ಟದ್ದೆಂದಲ್ಲ, ಇಷ್ಟು ಒಳ್ಳೆಯ ಅಡಿಪಾಯದ ಮೇಲೆ ಎರಡನೇ ಮಹಡಿ ಏಳಲೇ ಇಲ್ಲವಲ್ಲ ಎಂಬ ಕಾರಣಕ್ಕೆ.

ವೇ ಶೆನ್ ಹಾಂಗ್ ಕಾಂಗ್‌ನಲ್ಲಿ ಬೆಳೆದು ಅಮೆರಿಕಕ್ಕೆ ಹೋಗಿ ಹಿಂದಿರುಗಿದ ಪೊಲೀಸ್ ಅಧಿಕಾರಿ. ಸನ್ ಆನ್ ಯೀ ಎಂಬ ಟ್ರಯಡ್ (ಚೀನಿ ಪಾತಕಿಗಳ ಸಂಘಟಿತ ಜಾಲ) ಗುಂಪಿನೊಳಗೆ ವೇಷ ಮರೆಸಿಕೊಂಡು ಸೇರುವುದು ಅವನಿಗೆ ಒಪ್ಪಿಸಿದ ಕೆಲಸ. ಇಷ್ಟು ಕಥೆ ನಾವು ಸಿನಿಮಾಗಳಲ್ಲಿ ನೋಡಿದ್ದೇ. ಆದರೆ ಆ ಇಬ್ಬಂದಿಯನ್ನು ಆಟದ ಲೆಕ್ಕದೊಳಗೇ ತಂದಿರುವ ರೀತಿ ಅಪರೂಪದ್ದು. ಪ್ರತಿ ಮಿಷನ್‌ನಲ್ಲಿಯೂ ಎರಡು ಅಂಕಗಳು ಓಡುತ್ತಿರುತ್ತವೆ. ಪೊಲೀಸ್ ಅಂಕ ಆರಂಭದಲ್ಲಿ ಪೂರ್ತಿ ಇರುತ್ತದೆ. ದಾರಿಹೋಕರಿಗೆ ಪೆಟ್ಟಾದರೆ, ಕಂಬ, ಅಂಗಡಿ, ಬೇರೆಯವರ ಕಾರುಗಳನ್ನು ಗುದ್ದಿ ಕೆಡಿಸಿದರೆ ಕರಗುತ್ತ ಹೋಗುತ್ತದೆ. ಟ್ರಯಡ್ ಅಂಕ ಸೊನ್ನೆಯಿಂದ ಶುರುವಾಗಿ, ಹೊಡೆತ ಎಷ್ಟು ಕ್ರೂರವೋ ಎಷ್ಟು ವೈವಿಧ್ಯಮಯವೋ ಅಷ್ಟು ಏರುತ್ತದೆ. ಒಂದೇ ಬೀದಿ ಜಗಳದಲ್ಲಿ ಎದುರಾಳಿಯ ಮೇಲೆ ನಿರ್ದಯನಾಗಿರಬೇಕು, ಪಕ್ಕದ ತರಕಾರಿ ಅಂಗಡಿಯವನ ಮೈಗೆ ಕೈ ತಾಗದಂತೆ ನೋಡಿಕೊಳ್ಳಬೇಕು. ವೇ ಶೆನ್‌ನ ಮನಸ್ಸಿನ ತಾಕಲಾಟವನ್ನು ಸಂಭಾಷಣೆಗಿಂತ ಚೆನ್ನಾಗಿ ನಮ್ಮ ಬೆರಳುಗಳಿಗೇ ತಿಳಿಸುವ ವ್ಯವಸ್ಥೆ ಇದು.

ಹೊಡೆದಾಟದ ಬಗ್ಗೆ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಗೇಮ್‌ನ ಪ್ರಾಣ ಅಲ್ಲಿದೆ. ಹಾಂಗ್ ಕಾಂಗ್‌ನಲ್ಲಿ ಬಂದೂಕು ಸುಲಭಕ್ಕೆ ಸಿಗುವ ವಸ್ತುವಲ್ಲ ಎಂಬುದನ್ನು ಗೌರವಿಸಿ, ಮೊದಲ ಹಲವು ಗಂಟೆಗಳ ಕಾಲ ಆಟಗಾರನ ಕೈಗೆ ಬಂದೂಕನ್ನೇ ಕೊಡುವುದಿಲ್ಲ. ಸುತ್ತ ಆರೇಳು ಮಂದಿ ನಿಂತಿರುತ್ತಾರೆ. ಹೊಡೆಯಲು ಬರುವವನು ಕೆಂಪಗೆ ಮಿನುಗುತ್ತಾನೆ. ಆ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ವೇ ಅವನ ಕೈಯನ್ನೋ ಕಾಲನ್ನೋ ಹಿಡಿದು ತಿರುಚುತ್ತಾನೆ. ಒಬ್ಬನನ್ನು ಹಿಡಿದುಕೊಂಡಾಗ ಸುತ್ತಲಿನ ಕೆಲವು ವಸ್ತುಗಳೂ ಕೆಂಪಾಗುತ್ತವೆ: ಮೀನಿನ ತೊಟ್ಟಿ, ಟೆಲಿಫೋನ್ ಬೂತ್, ಕಸದ ದೊಡ್ಡ ಡಬ್ಬ. ಹಿಡಿದವನನ್ನು ಎಳೆದುಕೊಂಡು ಹೋಗಿ ಅದಕ್ಕೆ ಅಪ್ಪಳಿಸಿದರೆ ಉಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಊರಿನಲ್ಲಿ ಕಳುವಾದ ಹನ್ನೆರಡು ಪ್ರಾಣಿಗಳ ಪ್ರತಿಮೆಗಳನ್ನು ಹುಡುಕಿ ಗುರು ಕ್ವಾಕ್ ಅವರ ಶಾಲೆಗೆ ತಂದುಕೊಟ್ಟಂತೆಲ್ಲ ಹೊಸ ಪಟ್ಟುಗಳನ್ನು ಕಲಿಸುತ್ತಾರೆ. ಕಲಿತ ಪಟ್ಟು ಅದೇ ರಾತ್ರಿ ಬೀದಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ಊರಿನ ಬಗ್ಗೆಯೂ ಒಂದು ಮಾತು. ಅಮೆರಿಕದ ನಗರಗಳಲ್ಲಿ ನಡೆಯುವ ಗೇಮ್‌ಗಳನ್ನು ಆಡುವಾಗ ಬಲಗಡೆಯ ಸಂಚಾರಕ್ಕೆ ಹೊಂದಿಕೊಳ್ಳುವುದೇ ನನಗೊಂದು ಕೆಲಸ. ಹಾಂಗ್ ಕಾಂಗ್‌ನಲ್ಲಿ ನಮ್ಮಲ್ಲಿಯ ಹಾಗೆ ಎಡಗಡೆಯ ಸಂಚಾರ, ಚಾಲಕನ ಆಸನ ಬಲಕ್ಕೆ. ಮೊದಲ ತಿರುವಿನಲ್ಲೇ ಕೈ ತಾನಾಗಿಯೇ ಹೋಗುತ್ತದೆ. ಬೀದಿ ಮೂಲೆಗಳಲ್ಲಿ, ಗುಡ್ಡದ ದಾರಿಗಳಲ್ಲಿ ಊದುಬತ್ತಿ ಹಚ್ಚಿಟ್ಟ ಪುಟ್ಟ ಪುಟ್ಟ ಗುಡಿಗಳಿವೆ. ಅವುಗಳ ಮುಂದೆ ನಿಂತು ವೇ ಕೈಮುಗಿಯುತ್ತಾನೆ, ಐದು ಗುಡಿಗಳಾದಾಗಲೊಮ್ಮೆ ಅವನ ಆರೋಗ್ಯದ ಮಿತಿ ಹೆಚ್ಚುತ್ತದೆ. ಬೀದಿ ಬದಿಯ ಗುಡಿಗೆ ಕೈಮುಗಿಯದೆ ಮುಂದೆ ಹೋಗದವರ ನಡುವೆ ಬೆಳೆದ ನನಗೆ ಕಾರು ನಿಲ್ಲಿಸಿ ಇಳಿಯದಿರಲು ಆಗುತ್ತಲೇ ಇರಲಿಲ್ಲ. ಜನ ಮಾತಿನ ನಡುವೆ ಕ್ಯಾಂಟನೀಸ್ ಮತ್ತು ಇಂಗ್ಲಿಷ್ ಬೆರೆಸುವ ಬಗೆ ಕೂಡ ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ನಿಂತು ಕೇಳಿದಷ್ಟು ಸಹಜವಾಗಿದೆ.

ಕೊರತೆಗಳಿವೆ. ಗೆಳತಿಯರ ಕಥೆಗಳು ಒಂದೆರಡು ಭೇಟಿಗೆ ಮುಗಿದು ಅವರು ಕಣ್ಮರೆಯಾಗುತ್ತಾರೆ. ಕೊನೆಯ ಭಾಗದಲ್ಲಿ ಬಂದೂಕು ಹೆಚ್ಚಾಗಿ ಆಟ ತನ್ನ ವಿಶೇಷತೆಯನ್ನು ಕಳೆದುಕೊಳ್ಳುತ್ತದೆ. ಮೌಸ್‌ಗಿಂತ ಕಂಟ್ರೋಲರ್ ಇದ್ದರೆ ವಾಹನ ಓಡಿಸುವುದು ಹಿತ. ನನ್ನ ದೊಡ್ಡ ದೂರು ಮಾತ್ರ ಆ ಎರಡು ಅಂಕಗಳ ಬಗ್ಗೆಯೇ: ಒಬ್ಬನು ಇಡೀ ಆಟವನ್ನು ಪೊಲೀಸನಾಗಿ ಆಡಲಿ, ಇನ್ನೊಬ್ಬನು ಟ್ರಯಡ್‌ನವನಾಗಿ ಆಡಲಿ, ಕಥೆ ಒಂದೇ ಕಡೆ ಹೋಗಿ ಮುಟ್ಟುತ್ತದೆ. ಅಂಕಗಳಿಂದ ಸಿಗುವುದು ಹೊಸ ಸಾಮರ್ಥ್ಯಗಳಷ್ಟೇ. ಇಷ್ಟು ಒಳ್ಳೆಯ ಬೀಜವನ್ನು ಬಿತ್ತಿ ಬೆಳೆ ತೆಗೆಯದೆ ಬಿಟ್ಟಿದ್ದಾರೆ, ಎರಡನೇ ಭಾಗ ಬೇಕೆಂಬ ನನ್ನ ಹಟಕ್ಕೆ ಮೂಲ ಇದು.

ಅದು ಬರದೇ ಹೋದ ಕಥೆ ಸರಳವಾಗಿದೆ, ಹಾಗಾಗಿಯೇ ನೋವಿನದು. ವ್ಯಾಂಕೂವರ್‌ನ ಯುನೈಟೆಡ್ ಫ್ರಂಟ್ ಗೇಮ್ಸ್ ಇದನ್ನು ಮಾಡುತ್ತಿದ್ದಾಗ 2009ರಲ್ಲಿ ಪ್ರಕಾಶಕ ಸಂಸ್ಥೆ ಆಕ್ಟಿವಿಷನ್ ಇದನ್ನು ಟ್ರೂ ಕ್ರೈಮ್ ಸರಣಿಯ ಹೆಸರಿನಲ್ಲಿ ಘೋಷಿಸಿತು. 2011ರ ಆರಂಭದಲ್ಲಿ ರದ್ದು ಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸ್ಕ್ವೇರ್ ಎನಿಕ್ಸ್ ಪ್ರಕಟಣೆಯ ಹಕ್ಕನ್ನು ಪಡೆದುಕೊಂಡು, ಹೊಸ ಹೆಸರಿಟ್ಟು, 2012ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿತು. ವಿಮರ್ಶಕರು ಮೆಚ್ಚಿದರು, ಜನ ಕೊಂಡರು. ಆದರೆ ಸುಮಾರು 17.5 ಲಕ್ಷ ಪ್ರತಿಗಳ ಆ ಮಾರಾಟ ತನ್ನ ನಿರೀಕ್ಷೆಯನ್ನು ಮುಟ್ಟಲಿಲ್ಲ ಎಂದು ಸ್ಕ್ವೇರ್ ಎನಿಕ್ಸ್ ಮರುವರ್ಷ ಹೇಳಿತು. ಎರಡನೇ ಭಾಗದ ಯೋಜನೆ ನಿಂತಿತು. ಪರ್ಲ್ ನದಿಯ ಮುಖಜಭೂಮಿಯ ನಗರಗಳಲ್ಲಿ, ವೇ ಶೆನ್ ಜೊತೆ ಹೆನ್ರಿ ಫ್ಯಾಂಗ್ ಎಂಬ ಇನ್ನೊಬ್ಬ ಅಧಿಕಾರಿಯನ್ನಿಟ್ಟು ಕಥೆ ಹೆಣೆಯುವ ಆಲೋಚನೆ ಇತ್ತು ಎಂಬುದು 2016ರಲ್ಲಿ ದಾಖಲೆಗಳು ಹೊರಬಂದಾಗ ತಿಳಿಯಿತು. ಟ್ರಯಡ್ ವಾರ್ಸ್ ಎಂಬ ಆನ್‌ಲೈನ್ ಪ್ರಯತ್ನ ಬೀಟಾ ಎಂಬ ಪರೀಕ್ಷಾ ಹಂತ ದಾಟದೆ 2016ರ ಜನವರಿಯಲ್ಲಿ ಮುಚ್ಚಿತು. ಅಕ್ಟೋಬರ್‌ನಲ್ಲಿ ಸ್ಟುಡಿಯೋವೇ ಮುಚ್ಚಿತು.

ಖರ್ಚಿನ ದೃಷ್ಟಿಯಿಂದಲೂ ನನ್ನ ಆಯ್ಕೆ ಬದಲಾಗುವುದಿಲ್ಲ. 2014ರ ಡೆಫಿನಿಟಿವ್ ಆವೃತ್ತಿ ನನಗೆ ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿಯುವ ಖರ್ಚಿನಲ್ಲಿ, ಹೆಚ್ಚುವರಿ ಕಥೆಗಳೆಲ್ಲ ಸೇರಿ ಸಿಕ್ಕಿತು. ಹಳೆಯ ಗ್ರಾಫಿಕ್ಸ್ ಕಾರ್ಡ್ ಮೇಲೆಯೂ ಸಲೀಸಾಗಿ ನಡೆಯುತ್ತದೆ. ತಾನಾಗಿಯೇ ಸೇವ್ ಆಗುತ್ತದೆ, ಮಿಷನ್ ನಡುವೆ ಚೆಕ್‌ಪಾಯಿಂಟ್‌ಗಳಿವೆ. ಕರೆಂಟ್ ಹೋದರೂ ಮರುದಿನ ಹೆಚ್ಚುಕಡಿಮೆ ಬಿಟ್ಟಲ್ಲಿಂದ ಮುಂದುವರಿಯಬಹುದು. ಒಂದು ಮಿಷನ್, ಒಂದೆರಡು ಗುಡಿ, ಒಂದು ಬೀದಿ ಜಗಳ ಎಂದು ಲೆಕ್ಕ ಹಾಕಿದರೆ ನನ್ನ ರಾತ್ರಿಯ ಗಂಟೆಗೆ ಸರಿಯಾಗಿ ಹೊಂದುತ್ತದೆ. ದಿನಕ್ಕೆ ಮೂರ್ನಾಲ್ಕು ಗಂಟೆ ಬಿಡುವಿರುವ ವಿದ್ಯಾರ್ಥಿಗಳಾದರೆ ಬುಲ್ಲಿಯನ್ನು ಮೊದಲು ಆಡಲಿ. ಐಜಿಐಯನ್ನು ಹಳೆಯ ಗೆಳೆಯರ ಜೊತೆ ಕೂತು, ಸರದಿಯ ಮೇಲೆ ಆಡಿದರೆ ಮಾತ್ರ ಚೆನ್ನ.

ಎರಡನೇ ಭಾಗ ಬಂದರೆ ನನಗೆ ಇನ್ನೂ ದೊಡ್ಡ ನಕ್ಷೆ ಬೇಡ, ಇನ್ನಷ್ಟು ಬಂದೂಕುಗಳಂತೂ ಬೇಡವೇ ಬೇಡ. ಪೊಲೀಸ್ ಅಂಕ ಮತ್ತು ಟ್ರಯಡ್ ಅಂಕಗಳಲ್ಲಿ ಯಾವುದು ಮುಂದಿದೆ ಎಂಬುದರ ಮೇಲೆ ವೇ ಶೆನ್‌ನ ಗೆಳೆಯರು ಅವನನ್ನು ನಂಬುವುದೋ ಬಿಡುವುದೋ ತೀರ್ಮಾನವಾಗಬೇಕು, ಗೆಳತಿಯರು ಕಥೆಯ ಕೊನೆಯವರೆಗೂ ಇರಬೇಕು, ಗುರು ಕ್ವಾಕ್ ಅವರ ಶಾಲೆಯಲ್ಲಿ ಕಲಿಯಲು ಹೊಸ ಪಟ್ಟುಗಳಿರಬೇಕು. ಇಷ್ಟನ್ನು ಯಾರಾದರೂ ಮಾಡಿಕೊಟ್ಟರೆ ಬೆಲೆ ಇಳಿಯುವವರೆಗೆ ಕಾಯದೆ ಬಿಡುಗಡೆಯ ದಿನವೇ ಪೂರ್ತಿ ಹಣ ಕೊಟ್ಟು ಕೊಳ್ಳುತ್ತೇನೆ.